ಇಪ್ಪತ್ತೈದು ಮನೆಯ ಹೊಸ ಆಟ

ಚೌಕಾಬಾರವನ್ನು ಹೊಸಬರಿಗೆ ಹೇಳಿಕೊಟ್ಟವರೆಲ್ಲರಿಗೂ ಒಂದು ಅನುಭವ ಆಗಿಯೇ ಇರುತ್ತದೆ. ನಿಯಮಗಳೆಲ್ಲ ಹೇಳಿ ಮುಗಿದುವೆಂದು ಆಟಕ್ಕೆ ಕುಳಿತು, ಹೊಸಬನ ಕಾಯಿ ಒಳಮನೆಯ ಬಾಗಿಲಿಗೆ ಬಂದಾಗ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲವೆಂಬ ಮಾತು ನೆನಪಿಗೆ ಬರುತ್ತದೆ. “ಮೊದಲೇ ಏಕೆ ಹೇಳಲಿಲ್ಲ?” ಎಂದು ಅವನು ಜಗಳಕ್ಕೆ ನಿಲ್ಲುತ್ತಾನೆ. ತಪ್ಪು ಅವನದಲ್ಲ. ಬಲ್ಲವರಿಗೆ ಆ ನಿಯಮ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕೆಂಬುದೇ ಮರೆತುಹೋಗಿರುತ್ತದೆ. ಮನುಷ್ಯರ ನಡುವೆ ಇಂತಹ ಜಗಳ ಹೇಗೋ ರಾಜಿಯಾಗುತ್ತದೆ. ಯಂತ್ರದೊಡನೆ ರಾಜಿಯಿಲ್ಲ. ಅದಕ್ಕೆ ಹೇಳದೆ ಬಿಟ್ಟ ಮಾತು ಇಲ್ಲವೇ ಇಲ್ಲದ ಮಾತು.

ಈ ಸತ್ಯವನ್ನು ಎಳೆಯರಿಗೆ ಆಟದ ಮೂಲಕವೇ ಮನಗಾಣಿಸುವ ಪುಟ್ಟ ಸಾಧನವೊಂದು ಬ್ರಿಟನ್ನಿನಲ್ಲಿ ಹುಟ್ಟಿತು. ಅದರ ಹೆಸರು ಮೈಕ್ರೋಬಿಟ್. ಸುಮಾರು 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಈ ಹಲಗೆ ಅಂಗೈಯಲ್ಲಿ ಅಡಗುತ್ತದೆ. ಚೌಕಾಬಾರದ ಮನೆಗಳಂತೆಯೇ ಅದರ ಮೇಲೆ ಐದೈದರ ಐದು ಸಾಲು, ಒಟ್ಟು 25 ಕೆಂಪು ದೀಪಗಳು. ಎಡಬಲಗಳಲ್ಲಿ ಎರಡು ಗುಂಡಿಗಳು. ಹಲಗೆ ಎತ್ತ ವಾಲಿತು, ಯಾವ ದಿಕ್ಕಿಗೆ ತಿರುಗಿತು ಎಂಬುದನ್ನು ಅರಿಯುವ ಸೂಕ್ಷ್ಮಾಂಗಗಳೂ ಉಂಟು. 2020ರಲ್ಲಿ ಬಂದ ಎರಡನೆಯ ಆವೃತ್ತಿಗೆ ಸದ್ದನ್ನು ಕೇಳುವ ಕಿವಿಯೂ ಸದ್ದು ಮಾಡುವ ಬಾಯಿಯೂ ಸೇರಿದುವು.

ಇದರ ಹಿಂದೆ ಒಂದು ವಂಶಾವಳಿಯೇ ಇದೆ. 1981ರಲ್ಲಿ ಬಿ.ಬಿ.ಸಿ.ಯು ಜನರಿಗೆ ಕಂಪ್ಯೂಟರ್ ಪರಿಚಯ ಮಾಡಿಸಲು ಹೊರಟಾಗ, ಕೇಂಬ್ರಿಜ್‌ನ ಏಕಾರ್ನ್ ಕಂಪನಿ ‘ಬಿ.ಬಿ.ಸಿ. ಮೈಕ್ರೋ’ ಎಂಬ ಯಂತ್ರವನ್ನು ತಯಾರಿಸಿಕೊಟ್ಟಿತು. ಗುಂಡಿ ಒತ್ತಿದೊಡನೆ ಅದು ಬೇಸಿಕ್ ಭಾಷೆಯ ಆಜ್ಞೆಗಾಗಿ ಕಾದು ನಿಲ್ಲುತ್ತಿತ್ತು. ಏನನ್ನಾದರೂ ಬರೆದುಕೊಟ್ಟ ಹೊರತು ಅದು ಏನನ್ನೂ ಮಾಡದು. ಆ ಕಾಲದ ಎಷ್ಟೋ ಮಕ್ಕಳು ಹೀಗೆಯೇ ಬರೆಯಲು ಕಲಿತರು. ಆ ಯಂತ್ರವನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1985ರಲ್ಲಿ ‘ಆರ್ಮ್’ ಎಂಬ ಸಂಸ್ಕಾರಕವನ್ನು ಸೃಷ್ಟಿಸಿದರು. ಇಂದು ಜೇಬಿನ ದೂರವಾಣಿಗಳಲ್ಲೆಲ್ಲ ಇರುವುದು ಅದರ ಸಂತತಿ. ಮೈಕ್ರೋಬಿಟ್‌ನ ಮಿದುಳೂ ಅದೇ ವಂಶದ್ದು.

ಆದರೆ ನಡುವೆ ಕಾಲ ಬದಲಾಯಿತು. ಶಾಲೆಯ ಕಂಪ್ಯೂಟರ್ ಪಾಠವೆಂದರೆ ಪತ್ರ ಬೆರಳಚ್ಚಿಸುವುದು, ಕೋಷ್ಟಕ ತುಂಬುವುದು ಎಂಬಷ್ಟಕ್ಕೆ ಇಳಿಯಿತು. ಬಳಸುವವರು ಹೆಚ್ಚಿದರು, ಕಟ್ಟಬಲ್ಲವರು ವಿರಳವಾದರು. ಇದನ್ನು ತಿದ್ದಲು ಇಂಗ್ಲೆಂಡಿನಲ್ಲಿ 2014ರಿಂದ ಐದು ವರ್ಷದ ಮಕ್ಕಳಿಂದ ಮೊದಲ್ಗೊಂಡು ಪ್ರೋಗ್ರಾಂ ರಚನೆಯನ್ನು ಪಾಠಕ್ರಮದಲ್ಲಿ ಸೇರಿಸಲಾಯಿತು. 2016ರಲ್ಲಿ ಬ್ರಿಟನ್ನಿನ ಹನ್ನೊಂದು ಹನ್ನೆರಡು ವರ್ಷದ ವಿದ್ಯಾರ್ಥಿಗಳಿಗೆಂದು ಸುಮಾರು 10 ಲಕ್ಷ ಮೈಕ್ರೋಬಿಟ್‌ಗಳನ್ನು ಉಚಿತವಾಗಿ ಹಂಚುವ ಕಾರ್ಯ ನಡೆಯಿತು.

ಇನ್ನು ಆಟದ ವಿಷಯ. ಹೊಸಬರಿಗೆ ಸಾಮಾನ್ಯವಾಗಿ ಹೇಳಿಕೊಡುವ ಆಟಗಳಲ್ಲಿ ‘ಚುಕ್ಕೆ ಹಿಡಿಯುವ’ ಆಟವೂ ಒಂದು. ನಡುಸಾಲಿನಲ್ಲಿ ಬೆಳಕಿನ ಚುಕ್ಕೆಯೊಂದು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡಾಡುತ್ತಿರುತ್ತದೆ. ಅದು ಸರಿಯಾಗಿ ನಡುಮನೆಗೆ ಬಂದಾಗ ಗುಂಡಿ ಒತ್ತಿದರೆ ಒಂದು ಅಂಕ. ತಪ್ಪಿದರೆ ಆಟ ಮುಗಿಯಿತು.

ಮೈಕ್ರೋಸಾಫ್ಟ್‌ನವರ ಮೇಕ್‌ಕೋಡ್‌ನಲ್ಲಿ ಇದನ್ನು ಕಟ್ಟಲು ಅಕ್ಷರ ಬೆರಳಚ್ಚಿಸುವ ಗೋಜಿಲ್ಲ. ಒಂದೊಂದು ಆಜ್ಞೆಯೂ ಒಂದೊಂದು ಬಣ್ಣದ ತುಂಡು, ಒಂದಕ್ಕೊಂದು ಕಚ್ಚಿಸಿದರಾಯಿತು. ಆರಂಭದಲ್ಲಿ, ಚುಕ್ಕೆಯನ್ನು ನಡುಮನೆಯಲ್ಲಿ ಇಡು. ಬಳಿಕ ಎಡೆಬಿಡದೆ, ಒಂದು ಮನೆ ನಡೆ. ಸೆಕೆಂಡಿನ ಹತ್ತನೆಯ ಒಂದು ಭಾಗ ತಡೆ. ಅಂಚಿಗೆ ಬಂದಿದ್ದರೆ ಹಿಂದಿರುಗು. ಗುಂಡಿ ಒತ್ತಿದಾಗ, ಚುಕ್ಕೆ ನಡುವೆ ಇದ್ದರೆ ಅಂಕ ಕೊಡು. ಇಲ್ಲದಿದ್ದರೆ ಆಟ ಮುಗಿಸು. ಇಷ್ಟೇ.

ಇಷ್ಟರಲ್ಲಿಯೇ ಎಡವಲು ಎಷ್ಟು ಅವಕಾಶ! ‘ತಡೆ’ ಎಂಬ ತುಂಡನ್ನು ಮರೆತರೆ ಚುಕ್ಕೆಯ ಓಟ ಕಣ್ಣಿಗೆ ನಿಲುಕದೆ ಸಾಲಿಡೀ ಮಿನುಗಿದಂತೆ ಕಾಣುತ್ತದೆ. ‘ಚುಕ್ಕೆಯನ್ನು ಇಡು’ ಎಂಬುದನ್ನು ಆರಂಭದಲ್ಲಿ ಹಾಕದೆ ಎಡೆಬಿಡದೆ ನಡೆಯುವ ಭಾಗದೊಳಗೆ ಸೇರಿಸಿದರೆ, ಪ್ರತಿ ಸುತ್ತಿಗೂ ಹೊಸದೊಂದು ಚುಕ್ಕೆ ಹುಟ್ಟಿ, ಒಂದು ಹೆಜ್ಜೆ ಇಟ್ಟು ನಿಂತುಬಿಡುತ್ತದೆ. ಹುಟ್ಟಿದ ಚುಕ್ಕೆಗಳೆಲ್ಲ ಕೂಡಿ ಸ್ಮೃತಿ ತುಂಬಿತೆಂದರೆ ಹಲಗೆ ಅಳುಮೋರೆ ತೋರಿಸುತ್ತದೆ. ಇನ್ನೊಂದು ತಪ್ಪು ಬಹು ಸ್ವಾರಸ್ಯಕರ. ನಡುಮನೆ ಮೂರನೆಯದಲ್ಲವೇ? ಆದ್ದರಿಂದ ಕಲಿಯುವವಳು 3 ಎಂದು ಬರೆಯುತ್ತಾಳೆ. ಕಣ್ಣಿಟ್ಟು ನಡುವಿನಲ್ಲೇ ಒತ್ತಿದರೂ ಸೋಲು! ಯಂತ್ರ ಎಣಿಸುವುದು ಸೊನ್ನೆಯಿಂದ. ಸೊನ್ನೆ, ಒಂದು, ಎರಡು: ನಡುಮನೆಯ ಸಂಖ್ಯೆ 2.

ಪಾಠದ ನಿಜವಾದ ಘಳಿಗೆ ಇದು. ಹುಡುಗಿ ಹುಬ್ಬು ಗಂಟಿಕ್ಕಿ ಕುಳಿತಿರುತ್ತಾಳೆ. ಪಕ್ಕದಲ್ಲಿರುವ ಹಿರಿಯರಿಗೆ ತಪ್ಪು ತಟ್ಟನೆ ಹೊಳೆಯುತ್ತದೆ. ಕೈ ತಾನಾಗಿಯೇ ಮುಂದೆ ಚಾಚುತ್ತದೆ. “ಇಷ್ಟೂ ತಿಳಿಯಲಿಲ್ಲವೇ? ಇಲ್ಲಿ 2 ಇರಬೇಕು!” ಆಟ ಸರಿಹೋಗುತ್ತದೆ. ಆದರೆ ಅದು ಇನ್ನು ಅವಳ ಆಟವಲ್ಲ, ತಂದೆಯ ಆಟ. ತನ್ನಿಂದಾಗದ ಕೆಲಸವಿದು ಎಂಬ ಭಾವನೆಯೊಂದು ಅವಳ ಮನಸ್ಸಿನ ಮೂಲೆಯಲ್ಲಿ ಸದ್ದಿಲ್ಲದೆ ಬಂದು ಕುಳಿತಿರುತ್ತದೆ. ಹಲಗೆ ಕೆಟ್ಟರೆ ಬೇರೊಂದನ್ನು ತರಬಹುದು. ಹೀಗೆ ಕುಳಿತ ಭಾವನೆಯನ್ನು ಎಬ್ಬಿಸಿ ಕಳುಹಿಸುವುದು ಸುಲಭವಲ್ಲ.

1967ರಲ್ಲಿ ಮಕ್ಕಳಿಗೆಂದು ‘ಲೋಗೋ’ ಎಂಬ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೈಮರ್ ಪೇಪರ್ಟ್ ಈ ಅಂಶವನ್ನೇ ಒತ್ತಿ ಹೇಳಿದರು. ಪ್ರೋಗ್ರಾಂ ಮೊದಲ ಸಲಕ್ಕೇ ಸರಿಯಾಯಿತೇ ಎಂಬ ಪ್ರಶ್ನೆಗೆ ಬೆಲೆಯಿಲ್ಲ. ಅದನ್ನು ಸರಿಪಡಿಸಬಹುದೇ ಎಂಬುದೇ ಪ್ರಶ್ನೆ ಎಂಬುದು ಅವರ ವಾದ. ಲೆಕ್ಕದ ಪುಸ್ತಕದಲ್ಲಿ ಬಿದ್ದ ಕೆಂಪು ಗೀಟು ಅಳಿಯದು. ಇಲ್ಲಿಯಾದರೋ ತಪ್ಪು ಕಣ್ಣೆದುರಿಗೆ ಮಿನುಗುತ್ತದೆ, ಬೈಯುವುದಿಲ್ಲ, ತಿದ್ದಿದ ಕ್ಷಣವೇ ಮಾಯವಾಗುತ್ತದೆ. ಒಂದು ಸಂಜೆಯಲ್ಲಿ ಇಪ್ಪತ್ತು ಸಲ ತಪ್ಪಿದರೂ ಲೆಕ್ಕವಿಡುವವರಿಲ್ಲ.

ಹಾಗಾದರೆ ಹಿರಿಯರು ಮಾಡಬೇಕಾದುದೇನು? ಉತ್ತರ ಹೇಳುವುದಲ್ಲ, ಪ್ರಶ್ನೆ ಕೇಳುವುದು. “ನೀನು ಏನಾಗಬೇಕೆಂದುಕೊಂಡೆ? ಈಗ ಏನಾಗುತ್ತಿದೆ?” ಈ ಎರಡರ ನಡುವಿನ ಅಂತರವನ್ನು ಮಗುವೇ ತನ್ನ ಬಾಯಿಂದ ಹೇಳಲಿ. ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಅದರ ಅರ್ಥವನ್ನು ಓದಲಿ. ಬಹುಪಾಲು ಸಂದರ್ಭಗಳಲ್ಲಿ ಓದು ಅರ್ಧಕ್ಕೆ ಬರುವಷ್ಟರಲ್ಲಿ “ಓ!” ಎಂಬ ಉದ್ಗಾರ ಕೇಳಿಸುತ್ತದೆ. ಕಂಪ್ಯೂಟರಿನ ಗಂಧವೇ ಇಲ್ಲದ ಅಜ್ಜಿಯೂ ಈ ಪ್ರಶ್ನೆಗಳನ್ನು ಕೇಳಬಲ್ಲಳು. ತಿಳಿದ ತಂದೆಗಿಂತ ಚೆನ್ನಾಗಿಯೇ ಕೇಳಿಯಾಳು, ಏಕೆಂದರೆ ಆಕೆಯ ಕೈ ನಡುವೆ ಬಾರದು.

ಹಲಗೆಯನ್ನು ಕೊಂಡ ಮೇಲೆಯೇ ಕಲಿಕೆ ತೊಡಗಬೇಕೆಂದೂ ಇಲ್ಲ. ಮೇಕ್‌ಕೋಡ್ ಉಚಿತ, ಅದರ ತೆರೆಯ ಮೇಲೆಯೇ ಮೈಕ್ರೋಬಿಟ್‌ನ ಪ್ರತಿರೂಪವೊಂದು ಮಿನುಗುತ್ತ, ಕಟ್ಟಿದ ಆಟವನ್ನು ಆಡಿ ತೋರಿಸುತ್ತದೆ. ಚುಕ್ಕೆ ಹಿಡಿಯುವ ಆಟ ಸಿದ್ಧಿಸಿದ ಮೇಲೆ, ಅಂಕ ಏರಿದಂತೆ ಓಟದ ವೇಗವೂ ಏರಲಿ ಎಂದು ಮಗುವಿಗೆ ತೋರಬಹುದು. ಮೂರು ಸೋಲಿನವರೆಗೆ ಆಟ ಮುಗಿಯದಿರಲಿ ಎಂದೂ ತೋರಬಹುದು. ಯಾವುದು ನ್ಯಾಯ, ಯಾವುದು ಕಠಿಣ, ಯಾವುದರಲ್ಲಿ ಸೊಗಸು ಎಂಬ ವಿಚಾರಣೆ ಅಲ್ಲಿಂದ ಮೊದಲಾಗುತ್ತದೆ. ಅಷ್ಟು ಹೊತ್ತಿಗೆ ಆಟವನ್ನು ಕಟ್ಟಿದವಳು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೂರಿಸಿ, ಗುಂಡಿ ಒತ್ತಿಸಿ, ಅವರ ಸೋಲನ್ನು ಕಂಡು ನಗುತ್ತಿರುತ್ತಾಳೆ. ನಿಯಮ ಅವಳದು, ಅದಕ್ಕೆ ಹಿರಿಯರೂ ತಲೆಬಾಗಬೇಕಾದುದೇ.