ಜೇನಿನ ದಾರಿ

ಮಲೆನಾಡಿನ ಹಿತ್ತಲಿನ ಜೇನುಪೆಟ್ಟಿಗೆಯ ಪಕ್ಕ ಒಂದು ಗಳಿಗೆ ನಿಂತು ನೋಡಿ. ಹೊರಬಿದ್ದ ತುಡುವೆ ನೊಣ ಒಂದೇ ಓರೆಯಲ್ಲಿ ಮೇಲೇರುತ್ತದೆ. ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬರುವುದೂ ಅದೇ ಓರೆಯಲ್ಲಿ. ಕಣ್ಣಿಗೆ ಕಾಣದಿದ್ದರೂ ಅದೊಂದು ಕಾಲುದಾರಿ. ಕುಟುಕಿಸಿಕೊಳ್ಳುವವರು ಹೆಚ್ಚಾಗಿ ಆ ದಾರಿಗೆ ಅಡ್ಡ ನಿಂತವರು. ಪೆಟ್ಟಿಗೆಯ ಬಾಗಿಲು ಅಂಗಳದ ಕಡೆ ಮುಖ ಮಾಡದಿದ್ದರೆ, ಎದುರಿಗೆ ಆಳೆತ್ತರದ ದಾಸವಾಳದ ಬೇಲಿಯಿದ್ದರೆ ನೊಣಗಳು ನಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ದನವನ್ನು ಮಾತ್ರ ಹತ್ತಿರ ಕಟ್ಟಬೇಡಿ, ಪಾಪ, ಹಗ್ಗದಲ್ಲಿರುವ ಜೀವ ಓಡಲಾರದು.

ಹೆಜ್ಜೇನಿನ ಮಾತೇ ಬೇರೆ. ‘ಜೇನು ದಾಳಿ’ ಎಂಬ ಸುದ್ದಿ ಓದಿದಾಗಲೆಲ್ಲ ಆ ಪದ ನನ್ನನ್ನು ನೋಯಿಸುತ್ತದೆ. ಒಂದು ಸಂಜೆ ಬೂರುಗದ ಕೊಂಬೆಗೆ ಜೋತ ಎರಿಯನ್ನು ದೂರದಿಂದ ನೋಡುತ್ತಿದ್ದೆ. ಕಡಜವೊಂದು ಸುಳಿದದ್ದೇ ತಡ, ನೊಣಗಳು ಸಾಲುಸಾಲಾಗಿ ಹಿಂಬದಿ ಎತ್ತಿದವು. ಪೈರಿನ ಮೇಲೆ ಗಾಳಿ ಸರಿದಂತೆ ಎರಿಯ ಮೈಮೇಲೆ ಅಲೆ ಓಡಿತು, ಮತ್ತೊಮ್ಮೆ ಓಡಿತು. ಕಡಜ ದೂರ ಸರಿಯಿತು. ಕುಟುಕಿದರೆ ನೊಣಕ್ಕೂ ಸಾವೇ, ಆದ್ದರಿಂದ ಮೊದಲು ಬೆದರಿಕೆ. ನಾವು ಆ ಬೆದರಿಕೆಯನ್ನು ಓದಲಾರೆವು. ಕಲ್ಲೆಸೆಯುತ್ತೇವೆ, ಬುಡದಲ್ಲಿ ತರಗೆಲೆ ಸುಡುತ್ತೇವೆ, ಕಳೆ ಕೊಚ್ಚುವ ಯಂತ್ರವನ್ನು ಗುಡುಗುಟ್ಟಿಸುತ್ತೇವೆ.

ಜೇನು ಎದ್ದರೆ ಕೈ ಬೀಸಬಾರದು. ಮುಳ್ಳು ನೆಟ್ಟಲ್ಲಿ ಬಾಳೆಹಣ್ಣಿನಂಥ ವಾಸನೆಯೊಂದು ಹೊಮ್ಮುತ್ತದೆ, ಉಳಿದ ನೊಣಗಳಿಗೆ ಅದೇ ಕರೆ. ಮುಖ ಮುಚ್ಚಿಕೊಂಡು ಓಡಿ, ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು. ಕೆರೆಗೆ ಧುಮುಕಿದರೆ ತಲೆ ಎತ್ತುವ ತನಕ ಮೇಲೆ ಸುತ್ತುತ್ತಿರುತ್ತವೆ. ಮುಳ್ಳಿನ ಜೊತೆ ಕಿತ್ತುಬಂದ ವಿಷದ ಚೀಲ ನಮ್ಮ ಚರ್ಮದ ಮೇಲೆ ಮಿಡಿಯುತ್ತಲೇ ಇರುವುದರಿಂದ, ಸುಣ್ಣ ಹುಡುಕುತ್ತ ಕೂರದೆ ಉಗುರಿನಿಂದ ಒಡನೆ ಕೆರೆದು ತೆಗೆಯಬೇಕು. ಉಸಿರು ಕಟ್ಟಿದರೆ, ನಾಲಿಗೆ ಊದಿದರೆ, ಕಣ್ಣು ಕತ್ತಲೆ ಬಂದರೆ, ಕುಟುಕು ಒಂದೇ ಆಗಿದ್ದರೂ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ.

ಇಷ್ಟೆಲ್ಲ ಅಂಜಿಕೆ ಇಟ್ಟುಕೊಂಡು ಬದುಕುವುದೇಕೆ, ರಾತ್ರಿ ಪಂಜು ಹಿಡಿದು ಸುಟ್ಟರಾಯಿತಲ್ಲ ಎನ್ನುವವರಿದ್ದಾರೆ. ಕೊಡಗಿನ ರೊಬಸ್ಟಾ ಕಾಫಿ ತೋಟವನ್ನು ಹೂಮಳೆಯ ನಂತರ ನೋಡಿದವರು ಹಾಗೆನ್ನಲಾರರು. ಒಂದು ಗಿಡದ ಪರಾಗ ಇನ್ನೊಂದಕ್ಕೆ ಬಿದ್ದರಷ್ಟೇ ರೊಬಸ್ಟಾ ಕಾಯಿ ಕಚ್ಚುತ್ತದೆ. ಹೂವು ನಿಲ್ಲುವುದು ಕೆಲವೇ ದಿನ, ಆ ದಿನಗಳಲ್ಲಿ ತೋಟವೆಲ್ಲ ಹೆಜ್ಜೇನಿನ ಮೊರೆತ. ಜೇನು ಇಲ್ಲವಾಗುವುದನ್ನು ನಾವು ಒಮ್ಮೆ ಕಂಡವರೇ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಊರಿಗೂರೇ ಬರಿದಾದವು. ಆ ಬರಿ ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದವರು ಇನ್ನೂ ಇದ್ದಾರೆ.

ನಾನು ನೋಡಿದ ಬೂರುಗದ ಎರಿ ಮುಂಗಾರಿಗೆ ಮೊದಲೇ ಖಾಲಿಯಾಯಿತು. ಹಿಂಡು ಎದ್ದು ಬಯಲುಸೀಮೆಯ ಕಡೆ ಹೋಯಿತು. ಕೊಂಬೆಯ ಅಡಿಯಲ್ಲಿ ಮೇಣದ ಕಪ್ಪು ಗೆರೆ ಉಳಿದಿದೆ. ಚಳಿ ಬಿದ್ದಮೇಲೆ ಅವು ಆ ಗೆರೆಯನ್ನೇ ಹುಡುಕಿಕೊಂಡು ಬರುತ್ತವೆ. ಮನೆಯವರು ಈ ಸಲ ಕಾಲುಹಾದಿಯನ್ನು ಮರದಿಂದ ಆಚೆಗೆ ಸರಿಸಿದ್ದಾರೆ.