ಕೇಳಿಸಿಕೊಂಡ ಮಾತ್ರಕ್ಕೆ ಲಕ್ಷ ಕೊಡಬೇಕೆ?

ಪಕ್ಕದಲ್ಲಿ ಕೂತವರು ಚಕ್ಕುಲಿ ಕಡಿಯುವ ಸದ್ದು ಹೆಚ್ಚಿನವರ ಗಮನಕ್ಕೂ ಬರುವುದಿಲ್ಲ. ಕೆಲವರಿಗೆ ಮಾತ್ರ ಅದೇ ಸದ್ದು ಮೈ ಉರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟು ನೆತ್ತಿಗೇರುತ್ತದೆ, ಎದ್ದು ಹೋಗದೆ ಇರಲಾಗುವುದಿಲ್ಲ. ಇದಕ್ಕೆ ಮಿಸೊಫೋನಿಯಾ ಎಂದು ಹೆಸರು. ಇನ್ನು ಕೆಲವರಿಗೆ ಕುಕ್ಕರ್ ಸೀಟಿ, ಪಾತ್ರೆ ಬಿದ್ದ ಸದ್ದು, ಮಗುವಿನ ಅಳು ಕೂಡ ನೋವಾಗುವಷ್ಟು ಜೋರಾಗಿ ಕೇಳುತ್ತದೆ. ಅದು ಹೈಪರ್‌ಅಕ್ಯೂಸಿಸ್. ಹೊರಗೆ ಸದ್ದೇ ಇಲ್ಲದಾಗಲೂ ಕಿವಿಯೊಳಗೆ ಗುಂಯ್‌ಗುಡುತ್ತಿದ್ದರೆ ಅದು ಟಿನಿಟಸ್, ನಮ್ಮ ಮಾತಿನಲ್ಲಿ ಕಿವಿಮೊರೆತ. ಮೂರೂ ಬೇರೆ ಬೇರೆ ತೊಂದರೆಗಳು. ಒಬ್ಬರಲ್ಲೇ ಎರಡು ಮೂರು ಸೇರಿಕೊಂಡಿರುವುದೂ ಉಂಟು. ಮೂರಕ್ಕೂ ಈಗ ನಮ್ಮ ದೊಡ್ಡ ನಗರಗಳಲ್ಲಿ ‘ಪ್ಯಾಕೇಜ್’ಗಳಿವೆ.

ಊರು ಬಿಟ್ಟು ಬಂದ ನಮ್ಮಂಥವರು ಈ ಪ್ಯಾಕೇಜ್‌ಗಳಿಗೆ ಸುಲಭದ ಗಿರಾಕಿಗಳು. ತೆಳುಗೋಡೆಯ ಬಾಡಿಗೆ ಫ್ಲ್ಯಾಟ್, ನಾಲ್ಕು ಜನ ಸೇರಿ ಇರುವ ಪಿ.ಜಿ., ಸಾಲಾಗಿ ನೂರು ಜನ ಕೂರುವ ಆಫೀಸು. ಡಾಕ್ಟರ ಮುಂದೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿಕೊಳ್ಳಬೇಕಾದ, ಕನ್ನಡದಲ್ಲೇ ಹೇಳಲು ಬಾರದ ಸಂಕಟ. ಕೈಯಲ್ಲಿ ಸಂಬಳವಿದೆ, ಜತೆಯಲ್ಲಿ ತಡೆಯುವ ಹಿರಿಯರಿಲ್ಲ. ಇಂಥ ಚಿಕಿತ್ಸೆಯನ್ನು ಹಣ ಕೊಡುವ ಮೊದಲು ತೂಗುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

‘ಮಿಸೊಫೋನಿಯಾ’ ಎಂಬ ಪದ ಹುಟ್ಟಿದ್ದು 2001ರಲ್ಲಿ. ಅಮೆರಿಕದ ಜಾಸ್ಟ್ರೆಬಾಫ್ ದಂಪತಿ ಅದನ್ನು ಬಳಕೆಗೆ ತಂದರು. ತಜ್ಞರ ತಂಡವೊಂದು ಕೂತು ಒಮ್ಮತದ ವ್ಯಾಖ್ಯೆ ಪ್ರಕಟಿಸಿದ್ದು 2022ರಲ್ಲಿ. ಮನೋವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವಿಲ್ಲ. ಹಾಗೆಂದು ಇದು ಹುಸಿ ಕಾಯಿಲೆಯಲ್ಲ. ಮೈಸೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆಯೂ ಇದರ ಸಮೀಕ್ಷೆ ನಡೆದಿದೆ. ವಿಜ್ಞಾನ ಇದನ್ನು ಗಂಭೀರವಾಗಿ ನೋಡಲು ಶುರು ಮಾಡಿದ್ದು ಇತ್ತೀಚೆಗೆ ಅಷ್ಟೆ. ಕಷ್ಟ ನಿಜ, ಹೆಸರು ಹೊಸದು, ಪರೀಕ್ಷೆಗೆ ಒಳಗಾದ ಮದ್ದು ಕಡಿಮೆ. ದುಬಾರಿ ಭರವಸೆಗಳು ಬೆಳೆಯುವುದು ಇಂಥ ನೆಲದಲ್ಲೇ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಕಿವುಡುತನದ ಹೆಸರಿದೆ. ಸದ್ದಿನ ಅಸಹನೆಯ ಹೆಸರು ಅಲ್ಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಹಾಗಾಗಿ ಅಳೆದು ನೋಡುವ ಹೊಣೆ ಸದ್ಯಕ್ಕೆ ನಮ್ಮ ಮೇಲೆಯೇ ಬಿದ್ದಿದೆ.

ನನಗೆ ಈ ವಿಷಯ ಹತ್ತಿರವಾದದ್ದು ಹೆಂಡತಿಯ ತಮ್ಮನಿಂದ. ಧಾರವಾಡದ ಹುಡುಗ, ಪುಣೆಯಲ್ಲಿ ನಮ್ಮ ಜತೆಗೇ ಇದ್ದು ಹಿಂಜೆವಾಡಿಯ ಕಂಪನಿಯೊಂದಕ್ಕೆ ಹೋಗಿಬರುತ್ತಾನೆ. ಹನ್ನೆರಡನೇ ವಯಸ್ಸಿನಿಂದಲೂ ಅವನಿಗೆ ಯಾರಾದರೂ ಬಾಯಿ ಚಪ್ಪರಿಸಿ ಉಂಡರೆ, ಸೊರ್ ಎಂದು ಚಹಾ ಹೀರಿದರೆ ಸಹಿಸಲಾಗದು. ನಮ್ಮತ್ತೆ ಫೋನಿನಲ್ಲಿ ಹೇಳುವುದು ಒಂದೇ ಮಾತು: “ಮನಸ್ ಗಟ್ಟಿ ಮಾಡ್ಕೋ ತಮ್ಮಾ, ಎಲ್ಲಾರೂ ಹಿಂಗ ಉಣ್ತಾರ.” ಹೋದ ವರ್ಷ ಅವನೊಂದು ಕೇಂದ್ರಕ್ಕೆ ಹೋಗಿ ಬಂದ. ಫಿಲ್ಟರ್ ಮಾಡಿದ ಸಂಗೀತವನ್ನು ಹೆಡ್‌ಫೋನಿನಲ್ಲಿ ಕೇಳಿಸುವ 40 ಸಿಟ್ಟಿಂಗ್, ಜತೆಗೆ ಮೂರು ತಿಂಗಳ ಮಾತ್ರೆ, ಒಟ್ಟು ₹1.6 ಲಕ್ಷ. ಇಎಂಐ ಸೌಲಭ್ಯವೂ ಉಂಟು. ನಾನು ಅನುಮಾನ ತೋರಿಸಿದಾಗ ಅವನು ಅಂದದ್ದು ಇಷ್ಟು: “ಮಾಮಾ, ಇಷ್ಟು ವರ್ಷದಾಗ ನನ್ನ ಮಾತು ಪೂರ್ತಿ ಕೇಳಿಸ್ಕೊಂಡವರು ಅವರೊಬ್ಬರ.”

ಆ ಕೇಂದ್ರದವರು ಮುಕ್ಕಾಲು ಗಂಟೆ ಅವನೆದುರು ಕೂತು, ‘ನೀವು ಹೇಳುವುದು ನಿಜ’ ಎಂದಿದ್ದರು. ಮನೆಯವರಾಗಲೀ ಕಿವಿ ಡಾಕ್ಟರಾಗಲೀ ಆ ಮಾತು ಹೇಳಿರಲಿಲ್ಲ. ಅವನು ಹಣ ಕೊಡಲು ಹೊರಟದ್ದು ಹೆಡ್‌ಫೋನಿನ ಸಂಗೀತಕ್ಕೋ ಆ ಮುಕ್ಕಾಲು ಗಂಟೆಗೋ ಎಂದು ಕೇಳಿದರೆ ಅವನಿಗೂ ಉತ್ತರ ಗೊತ್ತಿರಲಿಲ್ಲ. ನನ್ನ ವಾದವೆಲ್ಲ ಇರುವುದು ಇಲ್ಲೇ. ನಮ್ಮ ಕಷ್ಟವನ್ನು ನಂಬುವುದು ಬೇರೆ, ಆ ಕಷ್ಟಕ್ಕೆ ಪರೀಕ್ಷಿಸಿದ ಮದ್ದು ಇಟ್ಟುಕೊಂಡಿರುವುದು ಬೇರೆ. ಮೊದಲನೆಯದನ್ನು ಪ್ರೀತಿಯಿಂದ ಕೊಟ್ಟವರು ಎರಡನೆಯದನ್ನೂ ಬಲ್ಲರು ಎಂದು ನಾವು ಅಂದುಕೊಂಡುಬಿಡುತ್ತೇವೆ.

ಎಂ.ಟೆಕ್.ನಲ್ಲಿ ನಾನು ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಕರಪತ್ರದಲ್ಲಿದ್ದ ಬಣ್ಣಬಣ್ಣದ ಫ್ರೀಕ್ವೆನ್ಸಿ ಗ್ರಾಫ್‌ಗಳು ಸುಳ್ಳಾಗಿರಲಿಲ್ಲ. ಆದರೆ ಸಂಗೀತದಿಂದ ಕೆಲವು ಫ್ರೀಕ್ವೆನ್ಸಿಗಳನ್ನು ಸೋಸಿ ತೆಗೆಯುವುದು ಲ್ಯಾಪ್‌ಟಾಪಿನಲ್ಲಿ ಹತ್ತು ಸಾಲು ಕೋಡಿನ ಕೆಲಸ. ಹಾಗೆ ಸೋಸಿದ್ದನ್ನು ಕೇಳಿದರೆ ಮಿದುಳಿನ ಪ್ರತಿಕ್ರಿಯೆ ಬದಲಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಗ್ರಾಫ್ ಉತ್ತರ ಕೊಡುವುದಿಲ್ಲ.

ಈ ಜಾತಿಯ ಹಳೆಯ ಚಿಕಿತ್ಸೆಯೊಂದಿದೆ, ಆಡಿಟರಿ ಇಂಟಿಗ್ರೇಷನ್ ಟ್ರೇನಿಂಗ್. ಫ್ರಾನ್ಸಿನ ವೈದ್ಯ ಗೀ ಬೆರಾರ್ ಅವರ ಪದ್ಧತಿ. ಅರ್ಧ ಗಂಟೆಯಂತೆ 20 ಸಿಟ್ಟಿಂಗ್, ಒಟ್ಟು 10 ಗಂಟೆ. ಸದ್ದಿಗೆ ಬೆದರುವ ಆಟಿಸಂ ಮಕ್ಕಳ ತಂದೆತಾಯಿಗೆ ಇದನ್ನು ದಶಕಗಳಿಂದ ಮಾರಲಾಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1998ರಲ್ಲೇ ಇದಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತ್ತು. ಅಲ್ಲಿನ ವಾಕ್-ಶ್ರವಣ ತಜ್ಞರ ಸಂಘ 2004ರಲ್ಲಿ ಅದನ್ನೇ ಹೇಳಿತು. 2011ರಲ್ಲಿ ಕಾಕ್ರೇನ್ ಸಂಸ್ಥೆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗಲೂ ಬೆಂಬಲಿಸುವಷ್ಟು ಪುರಾವೆ ಸಿಗಲಿಲ್ಲ. ಹೊಸ ಹೆಸರಿನಲ್ಲಿ, ಹೊಸ ಆ್ಯಪ್‌ನಲ್ಲಿ ಇಂಥದೇ ವಸ್ತು ಎದುರು ಬಂದಾಗ ಈ ಇತಿಹಾಸ ನೆನಪಿರಬೇಕು.

“ಆದರೆ ಗುಣವಾದವರ ವಿಡಿಯೊ ಇವೆಯಲ್ಲ?” ಎಂದು ಕೇಳುತ್ತಾರೆ. ಇರುತ್ತವೆ, ಅವರು ಸುಳ್ಳು ಹೇಳುತ್ತಿರಬೇಕೆಂದೂ ಇಲ್ಲ. ಈ ತೊಂದರೆಗಳು ಏರಿಳಿಯುತ್ತವೆ. ನಾವು ಕೇಂದ್ರದ ಬಾಗಿಲು ತಟ್ಟುವುದು ತೀರಾ ಹದಗೆಟ್ಟಾಗ. ಪುಣೆಯನ್ನೇ ನೋಡಿ. ಗಣೇಶೋತ್ಸವದಲ್ಲಿ ಹತ್ತು ದಿನ ಢೋಲ್-ತಾಶಾ, ಅದರ ಮೇಲೆ ಡಿಜೆ. ಸದ್ದು ತಾಳದವರು ಅನಂತ ಚತುರ್ದಶಿಯ ಹೊತ್ತಿಗೆ ಅರೆಜೀವವಾಗಿರುತ್ತಾರೆ. ಮರುದಿನ ಚಿಕಿತ್ಸೆಗೆ ಸೇರಿದರೆ ಎರಡು ವಾರದಲ್ಲಿ ಎಷ್ಟೋ ವಾಸಿ ಎನಿಸುತ್ತದೆ. ಅದು ಚಿಕಿತ್ಸೆಯಿಂದಲೋ ಡಿಜೆ ನಿಂತದ್ದರಿಂದಲೋ? ಸರ್ವರ್ ತಾನಾಗಿ ಸರಿಹೋದ ದಿನ ಯಾರು ಯಾವ ಸೆಟ್ಟಿಂಗ್ ಮುಟ್ಟಿರುತ್ತಾರೋ ಅವರಿಗೇ ಶಾಭಾಸ್‌ಗಿರಿ ಸಿಗುವುದನ್ನು ನನ್ನ ವೃತ್ತಿಯವರೆಲ್ಲ ಕಂಡಿದ್ದಾರೆ. ಅದಕ್ಕೇ ನಾವು ಬದಲಾವಣೆಯನ್ನು ಅರ್ಧ ಬಳಕೆದಾರರಿಗೆ ಕೊಟ್ಟು, ಉಳಿದರ್ಧವನ್ನು ಹಾಗೇ ಬಿಟ್ಟು, ಎರಡನ್ನೂ ಹೋಲಿಸುತ್ತೇವೆ.

ಕಿವಿಮೊರೆತದ ವಿಷಯದಲ್ಲಿ ಅಂಥ ಹೋಲಿಕೆ ನಡೆದಿದೆ. ಜಾಸ್ಟ್ರೆಬಾಫ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಟಿನಿಟಸ್ ರೀಟ್ರೇನಿಂಗ್ ಥೆರಪಿಯನ್ನು ಅಮೆರಿಕದ ಹಾಲಿ ಮತ್ತು ಮಾಜಿ ಸೈನಿಕ ಸಿಬ್ಬಂದಿ ಹಾಗೂ ಅವರ ಕುಟುಂಬ ವಲಯದ 151 ಮಂದಿಯ ಮೇಲೆ ಪರೀಕ್ಷಿಸಿದರು. ಒಂದು ಗುಂಪಿಗೆ ಕಿವಿಗೆ ಹಾಕಿಕೊಳ್ಳುವ ನಿಜವಾದ ಸದ್ದಿನ ಯಂತ್ರ, ಇನ್ನೊಂದಕ್ಕೆ ಹಾಗೇ ಕಾಣುವ ಹುಸಿ ಯಂತ್ರ, ಮೂರನೆಯದಕ್ಕೆ ಮಾಮೂಲಿ ಆರೈಕೆ. 18 ತಿಂಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮೂರೂ ಗುಂಪಿನವರು ಸುಧಾರಿಸಿದ್ದರು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹುಸಿ ಯಂತ್ರ ಹಾಕಿಕೊಂಡು ಸುಧಾರಿಸಿದವರೂ ಪ್ರಾಮಾಣಿಕವಾಗಿಯೇ ವಿಡಿಯೊ ಮಾಡಬಲ್ಲರು. ಅವರ ನೆಮ್ಮದಿ ನಿಜ. ಅದಕ್ಕೆ ಆ ಯಂತ್ರ ಬೇಕಿತ್ತೇ ಎಂಬುದು ಪ್ರಶ್ನೆ.

ಹಾಗಾದರೆ ಪರೀಕ್ಷೆಗೆ ನಿಂತದ್ದು ಏನೂ ಇಲ್ಲವೇ? ಇದೆ, ಆದರೆ ಪವಾಡವಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 90 ಮಿಸೊಫೋನಿಯಾ ರೋಗಿಗಳಿಗೆ ಗುಂಪಿನಲ್ಲಿ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ಹಂತಹಂತವಾಗಿ ತಿದ್ದುವ ಮಾತಿನ ಚಿಕಿತ್ಸೆ, ಕೊಟ್ಟಾಗ ಶೇ 48ರಷ್ಟು ಮಂದಿಗೆ ಗಣನೀಯ ಪ್ರಯೋಜನವಾಯಿತೆಂದು 2017ರಲ್ಲಿ ವರದಿಯಾಯಿತು. ಅದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಅದೇ ಊರಿನಲ್ಲಿ 54 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಭಾಗ ಮಾಡಿ ಮತ್ತೆ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಚಿಕಿತ್ಸೆ ಪಡೆದವರಲ್ಲಿ ಶೇ 37ರಷ್ಟು ಮಂದಿ ಸುಧಾರಿಸಿದ್ದರು, ಸರದಿಗೆ ಕಾಯುತ್ತಿದ್ದವರಲ್ಲಿ ಯಾರೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಸುಧಾರಣೆ ಆಗಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಪರೀಕ್ಷೆಗೆ ನಿಂತ ಚಿಕಿತ್ಸೆಯ ಅತ್ಯುತ್ತಮ ಫಲವೇ ಇಷ್ಟಿರುವಾಗ, ಎದುರು ಕೂತವರು ‘ಶೇ 95 ಗ್ಯಾರಂಟಿ’ ಎಂದರೆ ಆ ಮಾತೇ ಎದ್ದುಬರಲು ಸಾಕಷ್ಟು ಕಾರಣ.

ಮಾತ್ರೆಗಳ ಮಾತೂ ಅಷ್ಟೆ. ಕಿವಿಮೊರೆತಕ್ಕೆ ಗಿಂಕ್ಗೊ, ಜಿಂಕ್, ಮೆಲಟೋನಿನ್‌ನಂಥ ಪೂರಕಗಳನ್ನು ಸೂಚಿಸಬಾರದು, ಸಿಬಿಟಿ ಸೂಚಿಸಬೇಕು ಎಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ 2014ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಖರ್ಚಿಲ್ಲದ ಉಪಾಯಗಳಿಗೂ ಇದೇ ತಕ್ಕಡಿ ಬೇಕು. ಸದ್ದು ತಾಳಲಾರದವರು ಇಡೀ ದಿನ ಇಯರ್‌ಪ್ಲಗ್ ಹಾಕಿಕೊಳ್ಳುತ್ತಾರೆ. 2003ರ ಪ್ರಯೋಗವೊಂದರಲ್ಲಿ ಎರಡು ವಾರ ಇಯರ್‌ಪ್ಲಗ್ ಹಾಕಿಕೊಂಡವರಿಗೆ ಸದ್ದು ಮೊದಲಿಗಿಂತ ಜೋರೆನಿಸತೊಡಗಿತು. ಸಣ್ಣಗೆ ಸದಾ ಕೇಳುವ ಸದ್ದಿನ ಜತೆ ಇದ್ದವರ ಸಹನೆ ಹೆಚ್ಚಿತು. ಪಟಾಕಿಗೆ, ಡಿಜೆಗೆ ಇಯರ್‌ಪ್ಲಗ್ ಬೇಕೇ ಬೇಕು. ಮನೆಯ ಊಟಕ್ಕೆ ಫ್ಯಾನೋ ರೇಡಿಯೊವೋ ಮೇಲು.

ಈಗ ತೂಗುವ ಬಗೆಗೆ ಬರೋಣ. ಮೊದಲು ಕಿವಿಯ ತಪಾಸಣೆ ಆಗಬೇಕು. ಒಂದೇ ಕಿವಿಯಲ್ಲಿ ಮೊರೆತ, ನಾಡಿಯಂತೆ ಬಡಿಯುವ ಸದ್ದು ಇದ್ದರೆ ತಡಮಾಡದೆ ಇಎನ್‌ಟಿ ಡಾಕ್ಟರನ್ನು ಕಾಣಬೇಕು. ದಿಢೀರನೆ ಕಿವಿ ಕೇಳದಂತಾದರೆ ಅದೇ ದಿನ ಹೋಗಬೇಕು. ನಂತರ ಚಿಕಿತ್ಸೆ ಕೊಡುವವರ ಅರ್ಹತೆ. ಆಡಿಯಾಲಜಿಸ್ಟ್ ಆಗಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲಿ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳುವುದು ನಮ್ಮ ಹಕ್ಕು, ಅಪಮಾನವಲ್ಲ.

ಮೂರನೆಯದು ಹೋಲಿಕೆ. ಇದನ್ನು ಪಡೆಯದವರ ಜತೆ ಹೋಲಿಸಿ ನೋಡಿದ ಅಧ್ಯಯನ ಇದೆಯೇ, ನನ್ನದೇ ತೊಂದರೆ ಇರುವವರ ಮೇಲೆ ಮಾಡಿದ್ದೇ ಎಂದು ಕೇಳಬೇಕು. ಆಟಿಸಂ ಮೇಲಿನದನ್ನು ಮಿಸೊಫೋನಿಯಾಕ್ಕೆ, ಕಿವಿಮೊರೆತದ್ದನ್ನು ಹೈಪರ್‌ಅಕ್ಯೂಸಿಸ್‌ಗೆ ತೋರಿಸಿದರೆ ಅದು ಉತ್ತರವಲ್ಲ. “ಇನ್ನೂ ಸಂಶೋಧನೆ ನಡೆಯುತ್ತಿದೆ” ಎಂದರೆ ನೋಂದಣಿ ಎಲ್ಲಿ ಎಂದು ಕೇಳಬಹುದು. ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ಯಾರು ಬೇಕಾದರೂ ಹುಡುಕಬಹುದು. ಪ್ರಯೋಗಕ್ಕೆ ಮೈಯೊಡ್ಡುವವರೇ ಲಕ್ಷ ರೂಪಾಯಿ ಕೊಡಬೇಕೆಂದರೆ ಅದು ಪ್ರಯೋಗವಲ್ಲ, ಮಾರಾಟ.

ಕೊನೆಯದು ನಮ್ಮದೇ ಕೆಲಸ. ಏನಾದರೆ ಸುಧಾರಣೆ, ಯಾವಾಗ ನಿಲ್ಲಿಸುವುದು ಎಂದು ಹಣ ಕೊಡುವ ಮೊದಲೇ ಬರೆದಿಡಬೇಕು. ‘ವಾರಕ್ಕೆ ನಾಲ್ಕು ದಿನ ಎಲ್ಲರ ಜತೆ ಕೂತು ಉಂಡರೆ ಸುಧಾರಣೆ, ಎಂಟು ವಾರದಲ್ಲಿ ಆಗದಿದ್ದರೆ ನಿಲ್ಲಿಸುವುದು’ ಎಂಬಷ್ಟು ಸರಳವಾಗಿ ಬರೆದರೆ ಸಾಕು. ಹಣ ಕೊಟ್ಟ ಮೇಲೆ ಮನಸ್ಸು ಸಣ್ಣ ನೆಮ್ಮದಿಯನ್ನೂ ದೊಡ್ಡದು ಮಾಡಿ ಕಾಣಿಸುತ್ತದೆ. ಪೂರ್ತಿ ಹಣ ಮುಂಗಡ ಕೇಳುವವರು, ನಿಲ್ಲಿಸಿದರೆ ವಾಪಸ್ ಇಲ್ಲ ಎನ್ನುವವರು ನಮ್ಮ ಈ ಸ್ವಾತಂತ್ರ್ಯವನ್ನೇ ಕೊಂಡುಕೊಳ್ಳುತ್ತಿರುತ್ತಾರೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ನೋವು ಉಣ್ಣುವವರಿಗೆ ಅಧ್ಯಯನ ಬರುವ ತನಕ ಕಾಯಿರಿ ಎನ್ನುವುದು ಸುಲಭ, ರಾತ್ರಿ ನಿದ್ದೆಗೆಡುವವರು ಅವರು. ಒಪ್ಪುತ್ತೇನೆ. ಪುರಾವೆ ಇಲ್ಲದ್ದೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಅಪಾಯವಿಲ್ಲದ, ಜೇಬಿಗೆ ಹೊರೆಯಾಗದ ಉಪಾಯವನ್ನು ಯಾರು ಬೇಕಾದರೂ ಮಾಡಿ ನೋಡಲಿ. ಆದರೆ ಬೆಲೆ ಏರಿದಷ್ಟೂ ಪುರಾವೆಯ ಬೇಡಿಕೆಯೂ ಏರಬೇಕು. ಒಂದು ಕಡೆ ಖಾಲಿಯಾದ ₹1.6 ಲಕ್ಷ ಇನ್ನೊಂದು ಕಡೆ ಸಿಗಬಹುದಾಗಿದ್ದ ಚಿಕಿತ್ಸೆಯ ಹಣವೂ ಹೌದು. ಎರಡನೆಯ ಸಲ ಸಹಾಯ ಕೇಳುವ ಹುಮ್ಮಸ್ಸೂ ಅದರೊಂದಿಗೆ ಹೋಗುತ್ತದೆ. ನಾನು ಹೆಚ್ಚು ಹೆದರುವುದು ಅದಕ್ಕೆ.

ನಮ್ಮ ಹುಡುಗ ಕೊನೆಗೆ ಪ್ಯಾಕೇಜ್ ಬಿಟ್ಟು, ಸಿಟ್ಟಿಂಗ್‌ಗೆ ಇಷ್ಟೆಂದು ಹಣ ಪಡೆಯುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ ಹೋಗುತ್ತಿದ್ದಾನೆ. ಪೂರ್ತಿ ವಾಸಿಯಾಗಿಲ್ಲ. ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ರೇಡಿಯೊ ಹಾಡುತ್ತಿರುತ್ತದೆ, ಒಮ್ಮೊಮ್ಮೆ ಅವನು ತಟ್ಟೆ ಹಿಡಿದು ಬಾಲ್ಕನಿಗೆ ಹೋಗುತ್ತಾನೆ, ನಾವ್ಯಾರೂ ಅದಕ್ಕೆ ಮಾತಾಡುವುದಿಲ್ಲ.

ಹೋಗಲು ಸರ್ಕಾರಿ ಜಾಗಗಳೂ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕೆಲಸ ಮಾಡುತ್ತಿದೆ. ಊರಿಗೆ ಹೋದಾಗ ಕನ್ನಡದಲ್ಲೇ ಹೇಳಿಕೊಂಡು ಶ್ರವಣ ತಪಾಸಣೆ ಮಾಡಿಸಿಕೊಳ್ಳಬಹುದು. ಮುಂಬೈಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ, ಸಿಕಂದರಾಬಾದಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಮನಸ್ಸು ಕುಸಿದಾಗ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡವೂ ಒಂದು ಭಾಷೆ.

ಉಳಿದದ್ದು ಮನೆಯವರ, ರೂಮ್‌ಮೇಟ್‌ಗಳ ಪಾಲಿನ ಕೆಲಸ. ಯಾರಾದರೂ ‘ಈ ಸದ್ದು ನನಗೆ ತಾಳಲಾಗುತ್ತಿಲ್ಲ’ ಎಂದರೆ ನಗಬೇಡಿ, ಬುದ್ಧಿ ಹೇಳಬೇಡಿ, ಮುಕ್ಕಾಲು ಗಂಟೆ ಕೂತು ಕೇಳಿ. ಅದು ಮನೆಯಲ್ಲೇ ಸಿಕ್ಕವರು ಚಿಕಿತ್ಸೆ ಮಾರುವವರ ಎದುರು ಕೂತಾಗ ಚಿಕಿತ್ಸೆಯನ್ನಷ್ಟೇ ತೂಗುತ್ತಾರೆ.