ಬಾವಿಗೆ ಕ್ಲೋರಿನ್: ವಾಸನೆ ಪುರಾವೆಯಲ್ಲ

ಮಳೆಗಾಲ ಬಂತೆಂದರೆ ಕಾಸರಗೋಡಿನ ಮನೆಗಳಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ವಾಡಿಕೆ. ಒಂದೆರಡು ಹಿಡಿ ಪುಡಿಯನ್ನು ಮೇಲಿನಿಂದ ಎಸೆದು, ನೀರಿಗೆ ವಾಸನೆ ಬಂದರೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಆದರೆ ಹಿಡಿ ಎಂಬುದು ಅಳತೆಯಲ್ಲ. ವಾಸನೆ ಪುರಾವೆಯೂ ಅಲ್ಲ. ಕೊಳೆಯೊಂದಿಗೆ ಬೆರೆತು ಶಕ್ತಿಗುಂದಿದ ಕ್ಲೋರಿನ್‌ಗೂ ಕಟುವಾಸನೆ ಇರುತ್ತದೆ. ರೋಗಾಣುಗಳಿಂದ ಮುಂದೆಯೂ ಕಾಪಾಡುವುದು ನೀರಿನಲ್ಲಿ ಬಳಕೆಯಾಗದೆ ಉಳಿದ ಮುಕ್ತ ಕ್ಲೋರಿನ್ ಮಾತ್ರ.

ಈ ನೆಲದಲ್ಲಿ ಎಚ್ಚರಿಕೆಗೆ ವಿಶೇಷ ಕಾರಣವಿದೆ. ಮುರಕಲ್ಲಿನ ಸಂದುಗಳಲ್ಲಿ ಮಳೆನೀರು ವೇಗವಾಗಿ ಇಳಿಯುವಾಗ ಸಮೀಪದ ಶೌಚಗುಂಡಿಯ ಮಲಿನತೆಯೂ ಬಾವಿಯನ್ನು ಸೇರಬಲ್ಲದು. ಕಾಮಾಲೆ, ವಿಷಮಶೀತಜ್ವರ, ಅತಿಸಾರಗಳು ಹರಡುವ ಒಂದು ದಾರಿ ಇದು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಭೀತಿ ಹುಟ್ಟಿಸಿರುವ ಅಮೀಬಾ ಮೆದುಳುಜ್ವರದ ಮಾರ್ಗ ಬೇರೆ. ಆ ಸೂಕ್ಷ್ಮಜೀವಿ ಕುಡಿದ ನೀರಿನಿಂದಲ್ಲ, ಮೂಗಿನೊಳಗೆ ಹೋದ ನೀರಿನಿಂದ ಮೆದುಳನ್ನು ತಲಪುತ್ತದೆ. ಆದ್ದರಿಂದ ಕುಡಿಯುವ ನೀರನ್ನು ಕುದಿಸುವ ಮನೆಯಲ್ಲಿಯೂ ಸ್ನಾನದ ನೀರಿನ ಶುದ್ಧಿಯನ್ನು ಕಡೆಗಣಿಸುವಂತಿಲ್ಲ.

ಮೊದಲ ಹೆಜ್ಜೆ ನೀರಿನ ಪ್ರಮಾಣವನ್ನು ತಿಳಿಯುವುದು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ನೀರಿನ ಆಳ ತಿಳಿಯುತ್ತದೆ. ದುಂಡು ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದುದನ್ನು ನೀರಿನ ಆಳದಿಂದಲೂ 3.14ರಿಂದಲೂ ಗುಣಿಸಿ 4ರಿಂದ ಭಾಗಿಸಿದರೆ ಘನಮೀಟರ್ ಲೆಕ್ಕ ದೊರೆಯುತ್ತದೆ. 2 ಮೀಟರ್ ವ್ಯಾಸ, 3 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,420 ಲೀಟರ್ ಇರುತ್ತದೆ. 1,000 ಲೀಟರಿಗೆ 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪೌಡರ್ ಎಂಬ ಸಾಮಾನ್ಯ ಲೆಕ್ಕದಲ್ಲಿ ಇದಕ್ಕೆ 24 ಗ್ರಾಂ ಸಾಕು. ನೆರೆನೀರು ನುಗ್ಗಿದ್ದರೆ ಪ್ರಮಾಣ ಇಮ್ಮಡಿಯಾಗುತ್ತದೆ.

ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಬಕೆಟಿನಲ್ಲಿ ಸ್ವಲ್ಪ ನೀರು ಬೆರೆಸಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಭಾಗ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಸಿದು, ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಬಳಿಕ ಒಂದು ಗಂಟೆ ನೀರು ಸೇದಬಾರದು.

ನಿಜವಾದ ತೀರ್ಪು ಆ ಗಂಟೆಯ ನಂತರದ ಪರೀಕ್ಷೆಯದು. ಹಳೆಯ ಪುಡಿ ಗಾಳಿ, ಬೆಳಕು, ತೇವಗಳಿಂದ ಸತ್ವ ಕಳೆದುಕೊಂಡಿರುತ್ತದೆ. ಕಬ್ಬಿಣದ ಅಂಶವೂ ಕೊಳೆತ ಎಲೆಯೂ ಕ್ಲೋರಿನ್ನನ್ನು ನುಂಗುತ್ತವೆ. ಹೀಗಾಗಿ ಸಮಾನ ಗಾತ್ರದ ಎರಡು ಬಾವಿಗಳಲ್ಲಿ ಒಂದೇ ಪ್ರಮಾಣ ಒಂದೇ ಫಲ ನೀಡದು. ಡಿಪಿಡಿ ಮಾತ್ರೆಯನ್ನು ಕೈಯಿಂದ ಮುಟ್ಟದೆ ಪರೀಕ್ಷಾ ನಳಿಗೆಯ ನೀರಿಗೆ ಹಾಕಿ, ಮೂಡುವ ಗುಲಾಬಿ ಬಣ್ಣವನ್ನು ತಡಮಾಡದೆ ಬಣ್ಣಪಟ್ಟಿಯೊಂದಿಗೆ ಹೋಲಿಸಬೇಕು. ಪರೀಕ್ಷಿಸಿದ ನೀರನ್ನು ಚೆಲ್ಲಬೇಕು. ಕ್ಲೋರಿನ್ ಅತಿಯಾಗಿದ್ದರೆ ಬಣ್ಣವೇ ಅಳಿಸಿಹೋಗಿ ಏನೂ ಇಲ್ಲವೆಂಬ ಭ್ರಮೆ ಹುಟ್ಟಬಹುದು. ಸಂಶಯವಿದ್ದಲ್ಲಿ ಶುದ್ಧ ನೀರು ಬೆರೆಸಿ ಪುನಃ ನೋಡಬೇಕು.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಮೇಲ್ಮಿತಿ 1 ಮಿಲಿಗ್ರಾಂ. ವೈರಾಣು ಸೋಂಕಿನಿಂದ ರಕ್ಷಣೆ ಬೇಕಾದಾಗ ಕನಿಷ್ಠ 0.5 ಇರಬೇಕು. ಗಂಟೆಯ ಬಳಿಕ 0.5ಕ್ಕಿಂತ ಕಡಿಮೆ ಬಂದರೆ ಕ್ರಮವನ್ನು ಪುನರಾವರ್ತಿಸಬೇಕು. 1ನ್ನು ಮೀರಿದರೆ ಕಾದು ಮತ್ತೆ ಅಳೆಯಬೇಕು. ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಅದು 8ನ್ನು ದಾಟಿದರೆ ಕ್ಲೋರಿನ್ನಿನ ಬಲ ಬಹಳ ಕುಂದುತ್ತದೆ. ಮುರಕಲ್ಲಿನ ಬಾವಿಗಳಲ್ಲಿ ಆಮ್ಲತೆಯೇ ಹೆಚ್ಚಾಗಿರುವುದುಂಟು; ಅಲ್ಲಿ ಕೆಡುವುದು ಲೋಹದ ಕೊಳವೆ. ಅಳೆಯದೆ ಸುಣ್ಣ ಸುರಿಯುವುದು ಎರಡಕ್ಕೂ ಪರಿಹಾರವಲ್ಲ.

ಸುರಂಗದ ನೀರಿನ ಮನೆಗಳಿಗೆ ಈ ಲೆಕ್ಕ ಹೊಂದದು. ಸದಾ ಹರಿಯುವ ನೀರಿನಲ್ಲಿ ಕ್ಲೋರಿನ್ ನಿಲ್ಲದ ಕಾರಣ, ನೀರು ಶೇಖರವಾಗುವ ತೊಟ್ಟಿಯಲ್ಲಿಯೇ ಅದನ್ನು ಬೆರೆಸಿ ಪರೀಕ್ಷಿಸಬೇಕು. ಮಾಳಿಗೆಯ ಟ್ಯಾಂಕನ್ನೂ ತಿಕ್ಕಿ ತೊಳೆಯದೆ ಔಷಧ ಹಾಕಿ ಫಲವಿಲ್ಲ. ಕೀಟನಾಶಕ, ನೈಟ್ರೇಟ್‌ಗಳನ್ನು ಕ್ಲೋರಿನ್ ನಿವಾರಿಸದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಮ್ಲದ ಬಳಿ ಇಡಲೇಬಾರದು. ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ಬಾವಿಯ ಗಾತ್ರದ ಲೆಕ್ಕ ಹೈಸ್ಕೂಲು ಮಕ್ಕಳಿಗೆ ಅಪರಿಚಿತವಲ್ಲ. ಬಣ್ಣಪಟ್ಟಿಯನ್ನು ಓದುವುದೂ ಕಷ್ಟವಲ್ಲ. ಪುಡಿ ಕಲಸುವ ಕೆಲಸ ಹಿರಿಯರದಾಗಿರಲಿ. ದಿನಾಂಕ, ಮಳೆ, ಹಾಕಿದ ಗ್ರಾಂ, ಬಂದ ಅಂಕೆ ಇವನ್ನು ಬರೆದಿಡುವ ಪುಸ್ತಕ ಮಕ್ಕಳ ಕೈಯಲ್ಲಿರಲಿ. ಜೋರು ಮಳೆಯ ಮರುದಿನ ಅವರು ಮತ್ತೊಮ್ಮೆ ಅಳೆದರೆ, ಆ ಮನೆಯ ಬಾವಿಗೆ ಎಷ್ಟು ಬೇಕೆಂಬುದು ಒಂದೇ ಮಳೆಗಾಲದಲ್ಲಿ ಸ್ಪಷ್ಟವಾಗುತ್ತದೆ.